ನಮ್ಮೂರ ಮಿಲ್ಟ್ರಿ ಡ್ರೈವರ್

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತುಗಳು)



ಸಂಘಟಕರು ನನ್ನನ್ನು ಕರೆದಾಗ, "ಸಾಫ್ಟ್‌ವೇರ್ ಇಂಜಿನಿಯರ್ ಆದದ್ದು ಹೇಗೆ ಅಂತ ಮಕ್ಕಳಿಗೆ ಸ್ಫೂರ್ತಿ ತುಂಬುವ ಹಾಗೆ ಮಾತಾಡಿ" ಅಂದರು. ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಬಂದ 2008ರಿಂದ ಈಚೆಗೆ ನಮ್ಮ ತಾಲೂಕಿನಲ್ಲಿ ಇಂಜಿನಿಯರುಗಳಿಗೆ ಬರಗಾಲವಿಲ್ಲ. ಒಂದೊಂದು ಬೀದಿಗೂ ಇಬ್ಬರು ಇದ್ದೇವೆ. ನಾವು ಹೇಗಾದೆವು ಎನ್ನುವುದು ಹೊಸ ಕಥೆಯಲ್ಲ. ಹಾಗಾಗಿ ಅಪ್ಪಣೆ ಕೇಳಿ ಬೇರೊಬ್ಬರ ವಿಷಯ ಮಾತಾಡುತ್ತೇನೆ. ಅವರು ಈ ಶಾಲೆಯ ಮೊದಲ ಕೆಲವು ತಂಡಗಳಲ್ಲಿ ಒಂದರಲ್ಲಿ ಓದಿದವರು. ಹತ್ತನೇ ತರಗತಿಯಲ್ಲಿ ಗಣಿತದಲ್ಲಿ ಫೇಲಾಗಿ ಆಮೇಲೆ ಕಟ್ಟಿ ಪಾಸು ಮಾಡಿಕೊಂಡವರು. ಈ ಸಂಚಿಕೆಯ ರ‍್ಯಾಂಕು ಪಟ್ಟಿಯಲ್ಲಾಗಲೀ ಸಾಧಕರ ಪಟ್ಟಿಯಲ್ಲಾಗಲೀ ಅವರ ಹೆಸರಿಲ್ಲ. ನಾನೂ ಹೇಳುವುದಿಲ್ಲ, ಏಕೆಂದರೆ ಅವರೇ ಬೇಡ ಅಂದಿದ್ದಾರೆ. ಊರವರು ಕರೆಯುವ ಹಾಗೆ ಮಿಲ್ಟ್ರಿ ಡ್ರೈವರ್ ಅಂದರೆ ಇಲ್ಲಿ ಕೂತಿರುವ ಅರ್ಧ ಜನಕ್ಕೆ ಗೊತ್ತಾಗುತ್ತದೆ. ಅಷ್ಟು ಸಾಕು.

ಅವರು ಸೈನ್ಯಕ್ಕೆ ಸೇರಿದ್ದು 1979ರಲ್ಲಿ. ನಮ್ಮ ಕಡೆ ಸೈನ್ಯ ಅಂದರೆ ಬಂದೂಕು, ಗಡಿ, ಶತ್ರು ಅಂತ ಮಾತ್ರ ತಿಳಿದಿದ್ದೇವೆ. ಆದರೆ ಗಡಿಯಲ್ಲಿ ನಿಂತವನಿಗೆ ಬೇಳೆ, ಅಕ್ಕಿ, ಸೀಮೆಎಣ್ಣೆ, ಡೀಸೆಲ್ಲು ತಂದುಕೊಡುವುದಕ್ಕೇ ಒಂದು ದಳ ಇದೆ. ಅದೇ ಆರ್ಮಿ ಸರ್ವೀಸ್ ಕೋರ್, ಜನರ ಬಾಯಲ್ಲಿ ಎಎಸ್‌ಸಿ. ಅದರ ತರಬೇತಿ ಕೇಂದ್ರ ನಮ್ಮ ಬೆಂಗಳೂರಿನಲ್ಲೇ ಇದೆ. ಅವರ ತಾಯಿ ಮಗ ಕಾಶ್ಮೀರಕ್ಕೇ ಹೋದ ಅಂತ ಅತ್ತು ಕರೆದರೆ, ಮಗ ಇದ್ದದ್ದು ಮನೆಯಿಂದ ನಲವತ್ತು ಕಿಲೋಮೀಟರ್ ದೂರದಲ್ಲಿ! ಆದರೂ ತರಬೇತಿ ಮುಗಿಯುವವರೆಗೆ ಮನೆಗೆ ಬರುವ ಹಾಗಿರಲಿಲ್ಲ. ಹೆಬ್ಬಾಳದ ಕಡೆ ಹೋಗುವ ಬಸ್ಸು ಕಂಡರೆ ಕಣ್ಣಲ್ಲಿ ನೀರು ಬರುತ್ತಿತ್ತು ಅಂತ ಅವರೇ ನಗುತ್ತಾ ಹೇಳುತ್ತಾರೆ.

ಅಲ್ಲಿ ಅವರು ಕಲಿತದ್ದು ಶಕ್ತಿಮಾನ್ ಲಾರಿ. ಈಗಿನ ಮಕ್ಕಳಿಗೆ ಶಕ್ತಿಮಾನ್ ಅಂದರೆ ಟಿವಿ ಧಾರಾವಾಹಿಯಾದರೂ ನೆನಪಿದೆಯೋ ಇಲ್ಲವೋ. ಇದು ಜರ್ಮನಿಯ ಮಾನ್ ಕಂಪನಿಯ ಪರವಾನಗಿಯಲ್ಲಿ ಜಬಲ್ಪುರದ ಸರ್ಕಾರಿ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಸೈನ್ಯದ ಲಾರಿ. ಸ್ಟೇರಿಂಗ್ ತಿರುಗಿಸುವುದಕ್ಕೆ ತೋಳಲ್ಲಿ ಬಲ ಬೇಕು. ಅದಕ್ಕಿಂತ ಹೆಚ್ಚಾಗಿ ಅವರು ಕಲಿತದ್ದು ಪರೇಡ್. ಸೈನಿಕರ ಪರೇಡ್ ಅಲ್ಲ, ಗಾಡಿಯ ಪರೇಡ್. ಬೆಳಿಗ್ಗೆ ಗಾಡಿ ಹೊರಡುವ ಮುಂಚೆ ಫಸ್ಟ್ ಪರೇಡ್, ದಾರಿಯಲ್ಲಿ ನಿಂತಾಗ ಹಾಲ್ಟ್ ಪರೇಡ್, ಸಂಜೆ ಗಾಡಿ ಬಿಡುವಾಗ ಲಾಸ್ಟ್ ಪರೇಡ್. ಮೂರು ಸಲವೂ ನೀರು, ಎಣ್ಣೆ, ಗಾಳಿ, ನಟ್ಟು, ಬೆಲ್ಟು, ಬ್ರೇಕು ಎಲ್ಲವನ್ನೂ ಕೈಯಿಂದ ಮುಟ್ಟಿ ನೋಡಬೇಕು. ಕಣ್ಣಿಂದ ನೋಡಿದರೆ ಲೆಕ್ಕಕ್ಕಿಲ್ಲ. "ಕಣ್ಣು ಸುಳ್ಳು ಹೇಳುತ್ತೆ, ಕೈ ಹೇಳಲ್ಲ" ಅನ್ನುವುದು ಅವರ ಮಾತು.

ಆಮೇಲೆ ಲಡಾಖ್. ಶ್ರೀನಗರದಿಂದ ಲೇಹ್‌ಗೆ ಹೋಗುವ ರಸ್ತೆ ಝೋಜಿಲಾ ಎಂಬ ಕಣಿವೆಯನ್ನು ದಾಟುತ್ತದೆ, ಹನ್ನೊಂದು ಸಾವಿರದ ಐನೂರು ಅಡಿಗೂ ಹೆಚ್ಚು ಎತ್ತರ. ನಮ್ಮ ನಂದಿಬೆಟ್ಟ ಸಮುದ್ರಮಟ್ಟದಿಂದ ಐದು ಸಾವಿರ ಅಡಿಗೆ ಹತ್ತಿರ ಅಷ್ಟೇ, ಅದರ ಎರಡರಷ್ಟಕ್ಕೂ ಮೇಲೆ ಅಂತ ಲೆಕ್ಕ ಹಾಕಿಕೊಳ್ಳಿ. ಆ ಕಾಲದಲ್ಲಿ ಚಳಿಗಾಲ ಶುರುವಾದರೆ ಹಿಮ ಬಿದ್ದು ತಿಂಗಳುಗಟ್ಟಲೆ ರಸ್ತೆ ಮುಚ್ಚುತ್ತಿತ್ತು. ಆದ್ದರಿಂದ ಬೇಸಿಗೆಯ ನಾಲ್ಕೈದು ತಿಂಗಳಲ್ಲೇ ಇಡೀ ಚಳಿಗಾಲಕ್ಕೆ ಬೇಕಾದ ಆಹಾರ, ಇಂಧನ, ಮದ್ದುಗುಂಡು, ಔಷಧಿ ಎಲ್ಲವನ್ನೂ ಮೇಲೆ ಸಾಗಿಸಿ ಪೇರಿಸಬೇಕು. 1984ರಲ್ಲಿ ನಮ್ಮ ಸೈನ್ಯ ಸಿಯಾಚಿನ್ ಹಿಮನದಿಯನ್ನು ಹತ್ತಿದ ಮೇಲೆ ಈ ಕೆಲಸ ಇನ್ನಷ್ಟು ಹೆಚ್ಚಾಯಿತು. ಸಾಲುಸಾಲು ಲಾರಿಗಳು ಒಂದರ ಹಿಂದೆ ಒಂದು ಹೋಗಬೇಕು. ಒಂದು ಕೆಟ್ಟು ನಿಂತರೆ ಹಿಂದಿನದಕ್ಕೆ ಜಾಗವಿಲ್ಲ. ಚಕ್ರಕ್ಕೆ ಸರಪಳಿ ಕಟ್ಟಬೇಕು. ಬೆಳಿಗ್ಗೆ ಡೀಸೆಲ್ ಗಡ್ಡೆ ಕಟ್ಟಿದ್ದರೆ ಬಿಸಿ ಮಾಡಬೇಕು. ಬರಿಗೈಲಿ ಕಬ್ಬಿಣ ಮುಟ್ಟಿದರೆ ಚರ್ಮ ಅಂಟಿಕೊಂಡು ಕಿತ್ತುಬರುತ್ತದೆ. ರಾಗಿ ಮುದ್ದೆ ತಿಂದು ಬೆಳೆದ ಹುಡುಗ ಅಲ್ಲಿ ಮೂರು ಬೇಸಿಗೆ ಗಾಡಿ ಓಡಿಸಿದರು. ಒಂದು ಗುಂಡನ್ನೂ ಹಾರಿಸಲಿಲ್ಲ.

ನನಗೆ ಇತಿಹಾಸದ ಒಂದು ಸಂಗತಿ ಇಲ್ಲಿ ನೆನಪಾಗುತ್ತದೆ. ನಮ್ಮ ದೇವನಹಳ್ಳಿ ಕೋಟೆಯನ್ನು ಬ್ರಿಟಿಷರು ಹಿಡಿದದ್ದು 1791ರಲ್ಲಿ. ಅದೇ ವರ್ಷ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಾಗಿಲವರೆಗೂ ಹೋಗಿದ್ದ. ಆದರೆ ಮೇವಿಲ್ಲದೆ, ರೋಗ ಬಂದು ಅವನ ಎತ್ತುಗಳು ಸತ್ತವು. ಎಳೆಯುವವರಿಲ್ಲದೆ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿ ವಾಪಸು ಬಂದ. ಮೈಸೂರಿನವರ ಬಳಿ ಅಮೃತಮಹಲ್ ಎತ್ತುಗಳಿದ್ದವು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಗೆ ಟಿಪ್ಪು ಇಟ್ಟ ಹೆಸರು ಅಮೃತಮಹಲ್. ಆ ದನಗಳು ಹಾಲಿಗಿಂತ ಹೆಚ್ಚಾಗಿ ಫಿರಂಗಿ ಎಳೆಯುವುದಕ್ಕೇ ಹೆಸರುವಾಸಿ. ಟಿಪ್ಪು ಸತ್ತ ಮೇಲೆ ಬ್ರಿಟಿಷರು ಆ ತಳಿಯನ್ನು ತಮ್ಮ ಸೈನ್ಯಕ್ಕೆ ಉಳಿಸಿಕೊಂಡರು. ಇದನ್ನು ನಾನು ಮಿಲ್ಟ್ರಿಯವರಿಗೆ ಹೇಳಿದಾಗ ಅವರು ಆಶ್ಚರ್ಯವನ್ನೇನೂ ಪಡಲಿಲ್ಲ. ತಮ್ಮ ದಳದಲ್ಲಿ ಲಾರಿಗಳ ಜೊತೆ ಹೇಸರಗತ್ತೆಗಳ ವಿಭಾಗವೂ ಇದ್ದದ್ದನ್ನು ನೆನಪಿಸಿ, 1971ರ ಯುದ್ಧದಲ್ಲಿ ಶತ್ರುಗಳ ಕೈಗೆ ಸಿಕ್ಕು, ಬೆನ್ನಮೇಲಿನ ಹೊರೆಯ ಸಮೇತ ತಪ್ಪಿಸಿಕೊಂಡು ನಮ್ಮ ಕಡೆಗೇ ಓಡಿಬಂದ ಪೆಡೊಂಗಿ ಎಂಬ ಹೇಸರಗತ್ತೆಯ ಕಥೆ ಹೇಳಿದರು. ಅದನ್ನು ಹೇಳುವಾಗ ಅವರ ಮುಖ ನೋಡಬೇಕಿತ್ತು. ತಮ್ಮ ಕಥೆ ಹೇಳುವಾಗ ಅಷ್ಟು ಉತ್ಸಾಹ ಇರುವುದಿಲ್ಲ.

ಶ್ರೀಲಂಕಾದ ಕಥೆಯನ್ನಂತೂ ಅವರು ಹೇಳುವುದೇ ಇಲ್ಲ. 1987ರಲ್ಲಿ ಭಾರತದ ಶಾಂತಿಪಾಲನಾ ಪಡೆ ಅಲ್ಲಿಗೆ ಹೋಯಿತು, 1990ರ ಮಾರ್ಚಿನಲ್ಲಿ ವಾಪಸು ಬಂತು. ಸುಮಾರು ಸಾವಿರದ ಇನ್ನೂರು ನಮ್ಮ ಸೈನಿಕರು ಅಲ್ಲಿ ಸತ್ತರು. ಜಾಫ್ನಾ ಕಡೆಯ ರಸ್ತೆಗಳಲ್ಲಿ ನೆಲದಡಿ ಬಾಂಬು ಹೂತಿರುತ್ತಿದ್ದರು. ಮುಂದೆ ಹೋಗುವ ಲಾರಿಯ ಡ್ರೈವರನಿಗೇ ಅದು ಮೊದಲು ಸಿಗುವುದು. ಕ್ಯಾಬಿನ್ನಿನ ಕೆಳಗೆ ಮರಳಿನ ಮೂಟೆ ಹಾಸಿಕೊಂಡು ಗಾಡಿ ಓಡಿಸುತ್ತಿದ್ದರಂತೆ. ಇವರ ಜೊತೆಗಾರನೊಬ್ಬ, ರಾಜಸ್ಥಾನದ ಹುಡುಗ, ಒಂದು ಬೆಳಿಗ್ಗೆ ಇವರ ಮುಂದಿನ ಗಾಡಿಯಲ್ಲಿದ್ದ. ಇಷ್ಟೇ ನನಗೆ ಗೊತ್ತಿರುವುದು.

ಇದನ್ನೂ ಅವರು ಹೇಳಿದ್ದಲ್ಲ. ನಮ್ಮ ಪಕ್ಕದ ಬೀದಿಯ ಕ್ರೈಸ್ತ ಅಜ್ಜಿಯೊಬ್ಬರು ಹೇಳಿದ್ದು. ಮಿಲ್ಟ್ರಿಯವರು ಕ್ರೈಸ್ತರು, ನಮ್ಮ ಹೋಬಳಿಯ ಹಳೆಯ ಕನ್ನಡ ಕ್ರೈಸ್ತ ಮನೆತನದವರು. ಬೆಂಗಳೂರು ಪೇಟೆಯ ಜನಕ್ಕೆ ಕನ್ನಡ ಕ್ರೈಸ್ತರು ಅಂದರೆ ಇಂದಿಗೂ ಆಶ್ಚರ್ಯ. ನಮಗೆ ಅದರಲ್ಲಿ ಆಶ್ಚರ್ಯವೇನು, ಅವರ ಹೊಲದ ರಾಗಿಯೂ ನಮ್ಮ ಹೊಲದ ರಾಗಿಯೂ ಒಂದೇ ಕಣದಲ್ಲಿ ಒಕ್ಕಿದ್ದು. ಕ್ರಿಸ್‌ಮಸ್ಸಿಗೆ ಅವರ ಮನೆಯಿಂದ ಕಜ್ಜಾಯ ಬರದಿದ್ದರೆ ನಮ್ಮಮ್ಮ ಏನಾಯಿತೋ ಎಂದು ವಿಚಾರಿಸಿಕೊಂಡು ಬರಲು ನನ್ನನ್ನು ಕಳಿಸುತ್ತಿದ್ದರು. ಪ್ರತಿ ವರ್ಷ ನವೆಂಬರ್ 2ರಂದು ಕ್ರೈಸ್ತರು ಸತ್ತವರ ದಿನ ಆಚರಿಸುತ್ತಾರೆ. ಸಮಾಧಿಗಳಿಗೆ ಸುಣ್ಣ ಬಳಿದು, ಹೂವಿಟ್ಟು, ಮೇಣದಬತ್ತಿ ಹಚ್ಚುತ್ತಾರೆ. ತೀರಿಕೊಂಡವರ ಹೆಸರನ್ನು ಪೂಜೆಯಲ್ಲಿ ನೆನೆಯಲೆಂದು ಗುರುಗಳಿಗೆ ಬರೆದುಕೊಡುತ್ತಾರೆ. ಮಿಲ್ಟ್ರಿಯವರು ಅಪ್ಪ ಅಮ್ಮನ ಹೆಸರಿನ ಕೆಳಗೆ ಒಂದು ಹಿಂದೂ ಹೆಸರನ್ನೂ ಬರೆದುಕೊಡುತ್ತಾರೆ. ಮೂವತ್ತು ವರ್ಷಕ್ಕೂ ಮೇಲಾಯಿತು. ಎಷ್ಟೋ ಪಾದ್ರಿಗಳು ಬಂದು ಹೋದರು. ಹೊಸಬರು ಬಂದಾಗಲೆಲ್ಲ ಆ ಹೆಸರಿನ ಹತ್ತಿರ ಒಂದು ಕ್ಷಣ ನಿಲ್ಲುತ್ತಾರಂತೆ, ಆಮೇಲೆ ಓದುತ್ತಾರಂತೆ.

ಎರಡು ವರ್ಷದ ಕೆಳಗೆ ನಾನು ಕಚೇರಿ ಕೆಲಸಕ್ಕೆ ದೆಹಲಿಗೆ ಹೋಗಿದ್ದೆ. ಇಂಡಿಯಾ ಗೇಟ್ ಬಳಿ 2019ರಲ್ಲಿ ರಾಷ್ಟ್ರೀಯ ಯುದ್ಧ ಸ್ಮಾರಕ ಮಾಡಿದ್ದಾರೆ. ವೃತ್ತಾಕಾರದ ಗೋಡೆಗಳು, ಒಂದೊಂದು ಕಲ್ಲಿನ ಫಲಕದ ಮೇಲೂ ಒಬ್ಬೊಬ್ಬ ಸೈನಿಕನ ಹೆಸರು. ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಅಜ್ಜಿಯಿಂದ ಕೇಳಿದ್ದ ಆ ಹೆಸರು ನೆನಪಿತ್ತು. ಮಧ್ಯಾಹ್ನವೆಲ್ಲ ಹುಡುಕಿದೆ. ಸಿಕ್ಕಿತು. ಫೋಟೋ ತೆಗೆದುಕೊಂಡು ಬಂದು ಮಿಲ್ಟ್ರಿಯವರಿಗೆ ಮೊಬೈಲಿನಲ್ಲಿ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಎಷ್ಟು ಎತ್ತರದಲ್ಲಿದೆ? ಕೈಗೆ ಸಿಗುತ್ತಾ?" ಅಂತ ಕೇಳಿದರು. ಸಿಗುತ್ತೆ ಅಂದೆ. "ಮುಟ್ಟಿದ್ಯಾ?" ಅಂದರು. ಮುಟ್ಟಿದೆ ಅಂದೆ. ಆಮೇಲೆ ಮೊಬೈಲ್ ವಾಪಸು ಕೊಟ್ಟು ಹಸುವಿಗೆ ಹುಲ್ಲು ಹಾಕಲು ಎದ್ದು ಹೋದರು. ನಾನು ಜಗಲಿ ಮೇಲೆ ಕೂತಿದ್ದೆ. ಅರ್ಧ ಗಂಟೆಯಾದರೂ ಅವರು ಕೊಟ್ಟಿಗೆಯಿಂದ ಹೊರಗೆ ಬರಲಿಲ್ಲ. ಅವರ ಮನೆಯಾಕೆ ಬಂದು, "ನೀನು ಹೊರಡಪ್ಪ, ನಾಳೆ ಬಾ" ಅಂದರು.

1997ರಲ್ಲಿ ಪೆನ್ಷನ್ ಪಡೆದು ಊರಿಗೆ ಬಂದರು. ಆಗ ಅವರಿಗೆ ಮೂವತ್ತಾರು ವರ್ಷ. ಜೀವನ ಮುಗಿಯುವ ವಯಸ್ಸಲ್ಲ. ಸೈನ್ಯದ ಲೈಸೆನ್ಸ್ ತೋರಿಸಿ ಸಿವಿಲ್ ಲೈಸೆನ್ಸ್ ಮಾಡಿಸಿಕೊಂಡು, ಬೇರೆಯವರ ಲಾರಿಗೆ ಡ್ರೈವರಾಗಿ ಸೇರಿದರು. ಪೆನ್ಷನ್ ಇದ್ದುದರಿಂದ ಮನೆ ನಡೆಯುತ್ತಿತ್ತು, ಲಾರಿ ಸಂಬಳದಿಂದ ಮಕ್ಕಳು ಓದಿದರು. ಈಗ 2022ರಿಂದ ಅಗ್ನಿಪಥ ಬಂದಿದೆ. ನಾಲ್ಕು ವರ್ಷ ಸೇವೆ, ಕಾಲು ಭಾಗ ಜನರಿಗೆ ಮಾತ್ರ ಮುಂದುವರಿಕೆ, ಉಳಿದವರಿಗೆ ಹನ್ನೊಂದು ಲಕ್ಷ ಚಿಲ್ಲರೆ ಇಡುಗಂಟು, ಪೆನ್ಷನ್ ಇಲ್ಲ. ನಮ್ಮ ಶಾಲೆಯ ಹುಡುಗರು ಈಗಲೂ ಬೆಳಿಗ್ಗೆ ರಸ್ತೆಯಲ್ಲಿ ಓಟದ ಅಭ್ಯಾಸ ಮಾಡುವುದನ್ನು ನೋಡುತ್ತೇನೆ. ಅವರಿಗೆ ಮಿಲ್ಟ್ರಿಯವರು ಹೇಳುವುದು ಒಂದೇ, "ಸೇರು, ಆದರೆ ಬಂದ ದುಡ್ಡಲ್ಲಿ ಬೈಕು ತಗೊಬೇಡ."

ಅವರ ಲಾರಿ ಓಡಿದ ದಾರಿಗಳನ್ನು ಹೇಳಿದರೆ ನಮ್ಮ ಜಿಲ್ಲೆಯ ಬೆಳೆಗಳ ಪಟ್ಟಿಯೇ ಆಗುತ್ತದೆ. ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆಯ ಬೆಂಗಳೂರು ನೀಲಿ ದ್ರಾಕ್ಷಿ. ದೊಡ್ಡಬಳ್ಳಾಪುರದ ಮಗ್ಗಗಳಿಗೆ ನೂಲು, ಅಲ್ಲಿಂದ ಸೀರೆ. ಗುಲಾಬಿ ಈರುಳ್ಳಿ ನಮ್ಮಲ್ಲಿ ಬೆಳೆದರೂ ನಾವು ತಿನ್ನುವುದು ಕಡಿಮೆ, ಅದು ಚೆನ್ನೈ ಬಂದರಿನಿಂದ ಮಲೇಷ್ಯಾ, ಸಿಂಗಾಪುರಕ್ಕೆ ಹೋಗುತ್ತದೆ. ಬಂದರಿನ ಹೊರಗೆ ಈರುಳ್ಳಿ ಲಾರಿ ಸರದಿಯಲ್ಲಿ ನಿಲ್ಲುವುದೆಂದರೆ, ಹಿಂದೆ ಈರುಳ್ಳಿ ಬಾಡುತ್ತಿರುತ್ತದೆ, ಮುಂದೆ ಡ್ರೈವರ್ ಬೇಯುತ್ತಿರುತ್ತಾನೆ. ಯಶವಂತಪುರದ ಟ್ರಕ್ ಟರ್ಮಿನಲ್ಲಿನಲ್ಲಿ ಬಾಡಿಗೆಗೆ ಕಾಯುವುದು, ನೆಲಮಂಗಲ ದಾಟಿ ಹಾಸನದ ಮೇಲೆ ಶಿರಾಡಿ ಘಾಟಿ ಇಳಿದು ಮಂಗಳೂರು. 1999ರಲ್ಲಿ ಕಾರ್ಗಿಲ್ ಯುದ್ಧ ನಡೆದಾಗ ಅವರು ಒಂದು ಡಾಬಾದಲ್ಲಿ ಟಿವಿ ನೋಡುತ್ತಿದ್ದರಂತೆ. ದ್ರಾಸ್‌ನ ರಸ್ತೆ ತೋರಿಸಿದರು. ಬೆಟ್ಟದ ಮೇಲೆ ಕೂತವರು ಇದೇ ರಸ್ತೆಯಲ್ಲಿ ಹೋಗುವ ಗಾಡಿಗಳ ಮೇಲೆ ಗುಂಡು ಹಾಕುತ್ತಿದ್ದಾರೆ ಅಂತ ಸುದ್ದಿ. ಇವರು ಊಟ ಬಿಟ್ಟು ಎದ್ದರಂತೆ. ಟಿವಿಯಲ್ಲಿ ಕಂಡ ತಿರುವು ಅವರು ಎಷ್ಟೋ ಸಲ ದಾಟಿದ್ದ ತಿರುವು.

2000ದ ನಂತರ ಬಳ್ಳಾರಿ, ಹೊಸಪೇಟೆ ಕಡೆ ಅದಿರಿನ ಭರಾಟೆ ಶುರುವಾಯಿತಲ್ಲ, ಆಗ ಡ್ರೈವರುಗಳಿಗೆ ಎರಡು ಪಾಲು ಸಂಬಳ. ಇವರೂ ಹೋದರು. ಮೂರು ವಾರಕ್ಕೆ ವಾಪಸು ಬಂದರು. ಗಾಡಿ ತಡೆಯುವುದಕ್ಕಿಂತ ಬಹಳ ಹೆಚ್ಚು ಅದಿರು ತುಂಬಿ ಕಳಿಸುತ್ತಿದ್ದರು. "ನಂದು ಒಂದು ಜೀವ, ಎದುರಿಗೆ ಬರೋ ಬಸ್ಸಲ್ಲಿ ಐವತ್ತು ಜೀವ" ಅಂದರಂತೆ ಮಾಲೀಕರಿಗೆ. ಇನ್ನೊಂದು ವಿಷಯದಲ್ಲಿ ಊರವರೇ ಅವರ ಮೇಲೆ ಸಿಟ್ಟಾಗಿದ್ದು ನನಗೆ ನೆನಪಿದೆ. ಮದುವೆ ದಿಬ್ಬಣಕ್ಕೆ ಲಾರಿ ಕೇಳಿದರೆ ಕೊಡುತ್ತಿರಲಿಲ್ಲ. ಲಾರಿಯ ಹಿಂದೆ ಮನುಷ್ಯರನ್ನು ಹತ್ತಿಸುವುದಿಲ್ಲ, ಅದು ಸಾಮಾನಿನ ಗಾಡಿ ಅಂತ ಖಡಾಖಂಡಿತ ಹೇಳುತ್ತಿದ್ದರು. ದುರಹಂಕಾರಿ ಅಂತ ಬೈದವರೂ ಉಂಟು. ಆದರೆ ನಾವು ಒಂಬತ್ತನೇ ತರಗತಿಯಲ್ಲಿದ್ದಾಗ ನೆಲದ ಮೇಲೆ ಕೂತು ಓದುತ್ತಿದ್ದ ನಮಗೆ ದಾನಿಗಳೊಬ್ಬರು ಕೊಟ್ಟ ಬೆಂಚುಗಳನ್ನು ಪೇಟೆಯಿಂದ ತಂದವರು ಅವರೇ. ಮಾಲೀಕರಿಗೆ ಹೇಳಿ ಡೀಸೆಲ್ಲಿನ ದುಡ್ಡಿಗೆ ಮಾತ್ರ ತಂದರು. ಇಳಿಸುವಾಗ ನಾವು ಹುಡುಗರು ಲಾರಿ ಹತ್ತಲು ಹೋದರೆ ಗದರಿಸಿ ಕೆಳಗಿಳಿಸಿದರು.

ಈಗ ನನ್ನ ಕೆಲಸದ ವಿಷಯ ಒಂದು ಮಾತು ಹೇಳಬೇಕು, ಇದಕ್ಕೆ ಸಂಬಂಧ ಇರುವುದರಿಂದ. ಬಿಇ ಮುಗಿಸಿದ ಮೇಲೆ ನಾನು ಕೆಲಸ ಮಾಡುತ್ತಿರುವುದು ಲಾರಿಗಳು ಎಲ್ಲಿವೆ ಎಂದು ತೋರಿಸುವ ತಂತ್ರಾಂಶದಲ್ಲಿ. ಗಾಡಿಯಲ್ಲಿ ಜಿಪಿಎಸ್ ಯಂತ್ರ ಇರುತ್ತದೆ, ನಮ್ಮ ಪರದೆಯ ಮೇಲೆ ಒಂದು ಚುಕ್ಕೆ ಚಲಿಸುತ್ತದೆ. ಚುಕ್ಕೆ ನಲವತ್ತು ನಿಮಿಷ ಒಂದೇ ಕಡೆ ನಿಂತರೆ ಕೆಂಪಾಗುತ್ತದೆ, ಮಾಲೀಕರಿಗೆ ಸಂದೇಶ ಹೋಗುತ್ತದೆ. ಒಂದು ದಿನ ಮಿಲ್ಟ್ರಿಯವರನ್ನು ಕೇಳಿದೆ, ಡ್ರೈವರ್ ನಲವತ್ತು ನಿಮಿಷ ಯಾಕೆ ನಿಲ್ಲುತ್ತಾನೆ? ಅವರು ಬೆರಳು ಮಡಿಸಲು ಶುರು ಮಾಡಿದರು. ಘಾಟಿ ಇಳಿದ ಮೇಲೆ ಬ್ರೇಕಿನ ಡ್ರಮ್ಮು ಕಾದಿರುತ್ತದೆ, ಅದು ಆರುವವರೆಗೆ ನಿಲ್ಲಬೇಕು, ಇಲ್ಲದಿದ್ದರೆ ಮುಂದಿನ ಇಳಿಜಾರಿನಲ್ಲಿ ಬ್ರೇಕ್ ಹಿಡಿಯುವುದಿಲ್ಲ. ಟಾರ್ಪಾಲಿನ ಹಗ್ಗ ಸಡಿಲವಾಗಿದ್ದರೆ ಮತ್ತೆ ಬಿಗಿಯಬೇಕು. ಸರಕು ಒಂದು ಕಡೆ ಜಾರಿದೆಯೇ ನೋಡಬೇಕು. ಟೈರಿಗೆ ಕಲ್ಲು ಸಿಕ್ಕಿದ್ದರೆ ತೆಗೆಯಬೇಕು. ನಿದ್ದೆ ಬಂದರೆ ಮಲಗಬೇಕು. "ಇವುಗಳಲ್ಲಿ ಯಾವುದಕ್ಕೆ ನಿಮ್ಮ ಚುಕ್ಕೆ ಕೆಂಪಾಗುತ್ತೆ?" ಅಂದರು. ಎಲ್ಲದಕ್ಕೂ ಅಂದೆ. "ಹಾಗಾದ್ರೆ ಒಳ್ಳೆ ಡ್ರೈವರ್ರೇ ದಿನಾ ಬೈಸ್ಕೋತಾನೆ" ಅಂದರು.

ಘಾಟಿ ಇಳಿಯುವ ಬಗ್ಗೆ ಅವರು ಹೇಳಿದ್ದನ್ನು ಇಲ್ಲಿರುವ ಚಾಲಕರಿಗಾಗಿ ಹೇಳಿಬಿಡುತ್ತೇನೆ. ಡೀಸೆಲ್ ಉಳಿಸಲು ಎಷ್ಟೋ ಜನ ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕುತ್ತಾರೆ. ಧರ್ಮಪುರಿ, ಸೇಲಂ ನಡುವಿನ ತೊಪ್ಪೂರು ಘಾಟಿಯಲ್ಲಿ ಲಾರಿಗಳು ಮುಂದಿನ ವಾಹನಗಳ ಮೇಲೆ ನುಗ್ಗಿದ ಸುದ್ದಿ ಪೇಪರಿನಲ್ಲಿ ಮತ್ತೆ ಮತ್ತೆ ಬರುತ್ತಲ್ಲ, ಅದಕ್ಕೆ ಇದೂ ಒಂದು ಕಾರಣ. ಗೇರಿನಲ್ಲಿದ್ದರೆ ಇಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ. ನ್ಯೂಟ್ರಲ್ಲಿನಲ್ಲಿ ಅಷ್ಟೂ ಭಾರ ಬ್ರೇಕಿನ ಮೇಲೆ. ಇನ್ನು ಇಂಜಿನ್ನನ್ನೇ ಆರಿಸಿದರೆ ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರ್ರೂ ನಿಲ್ಲುತ್ತದೆ. ನಾಲ್ಕು ಸಲ ಒತ್ತಿದರೆ ಗಾಳಿ ಖಾಲಿ. ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ, ಇದು ಲಡಾಖಿನಲ್ಲಿ ಅವರಿಗೆ ಕಲಿಸಿದ್ದು.

ಚಾಲಕರ ಕೆಲಸದ ವೇಳೆಗೆ ನಮ್ಮಲ್ಲಿ ಕಾನೂನೇ ಇಲ್ಲ ಎಂದು ತಿಳಿಯಬೇಡಿ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆ ಅನ್ನುತ್ತಿತ್ತು. ಹತ್ತೊಂಬತ್ತು ವರ್ಷ ಲಾರಿ ಓಡಿಸಿದ ಇವರು ಆ ಕಾಯಿದೆಯ ಹೆಸರು ಕೇಳಿದ್ದು ನನ್ನ ಬಾಯಿಂದ! 2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯ ಅಂತ ಸರ್ಕಾರ ಮಾಡಿದೆ, ಅದು ಒಳ್ಳೆಯದೇ. ಬೇಸಿಗೆಯಲ್ಲಿ ಇಂಜಿನ್ ಪಕ್ಕ ಕೂತು ಬೆಂದವರಿಗೆ ಗೊತ್ತು. ಇನ್ನು 2024ರ ಜನವರಿಯಲ್ಲಿ, ಅಪಘಾತ ಮಾಡಿ ಓಡಿಹೋದರೆ ಹತ್ತು ವರ್ಷ ಎನ್ನುವ ಹೊಸ ಕಲಮಿನ ವಿರುದ್ಧ ದೇಶದ ಲಾರಿ ಚಾಲಕರು ಮುಷ್ಕರ ಮಾಡಿದರು. ಆಗ ನಾನು ಅವರ ಅಭಿಪ್ರಾಯ ಕೇಳಿದೆ. "ಓಡಿಹೋಗೋದು ತಪ್ಪು. ಆದರೆ ನಿಂತವನನ್ನು ಜನ ಏನು ಮಾಡ್ತಾರೆ ಅಂತ ನೋಡಿದೀನಿ" ಅಂದು ಸುಮ್ಮನಾದರು. ನಾನು ಮುಂದೆ ಕೇಳಲಿಲ್ಲ.

ಅವರ ದೈವಭಕ್ತಿಯ ವಿಷಯ ಹೇಳದಿದ್ದರೆ ಅರ್ಧ ಮನುಷ್ಯನನ್ನು ಹೇಳಿದ ಹಾಗಾಗುತ್ತದೆ. ಲಾರಿಯ ಮುಂದಿನ ಗಾಜಿನ ಬಳಿ ಮಾಲೀಕರು ಅಂಟಿಸಿದ್ದ ಘಾಟಿ ಸುಬ್ರಹ್ಮಣ್ಯನ ಪಟ, ಅದರ ಪಕ್ಕ ಇವರ ಜಪಸರ ಮತ್ತು ಸಂತ ಕ್ರಿಸ್ಟೋಫರನ ಪದಕ. ಮಗುವನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟಿಸಿದ ಸಂತ ಅವನು, ಪ್ರಯಾಣಿಕರ ರಕ್ಷಕ. ಊದಿನಕಡ್ಡಿ ಎರಡಕ್ಕೂ ಒಂದೇ. ಸೈನ್ಯದಲ್ಲಿ ಸರ್ವಧರ್ಮ ಸ್ಥಳ ಅಂತ ಇರುತ್ತದೆ, ಒಂದೇ ಸೂರಿನಡಿ ಎಲ್ಲರ ದೇವರು. ಅಲ್ಲಿ ಅಭ್ಯಾಸವಾದದ್ದು ಅಂತ ಹೇಳುತ್ತಾರೆ. ಭಾನುವಾರ ದಾರಿಯಲ್ಲಿದ್ದರೆ ಎಲ್ಲಿ ಚರ್ಚು ಸಿಗುತ್ತದೋ ಅಲ್ಲಿ ಲಾರಿ ನಿಲ್ಲಿಸಿ ಪೂಜೆಗೆ ಹೋಗುತ್ತಿದ್ದರು. ತಮಿಳಾಗಲಿ, ಮಲಯಾಳವಾಗಲಿ, ಮರಾಠಿಯಾಗಲಿ, ಭಾಷೆ ತಿಳಿಯದಿದ್ದರೂ ಎಲ್ಲಿ ಏಳಬೇಕು ಎಲ್ಲಿ ಕೂರಬೇಕು ಗೊತ್ತಿತ್ತು. ಆದರೂ ಕನ್ನಡದ ಪೂಜೆಯೇ ಅವರಿಗೆ ಪೂಜೆ. ಅವರ ಅಪ್ಪನ ಕಾಲದಲ್ಲಿ ಪೂಜೆ ಲ್ಯಾಟಿನ್ನಿನಲ್ಲಿತ್ತು. 1962ರಿಂದ 65ರವರೆಗೆ ರೋಮಿನಲ್ಲಿ ನಡೆದ ಮಹಾಸಭೆಯ ನಂತರವೇ ಜನರ ಭಾಷೆಗೆ ಬಂದದ್ದು. ಅಪ್ಪನಿಗೆ ಬಾಯಿಪಾಠ ಬರುತ್ತಿತ್ತು, ಅರ್ಥ ಬರುತ್ತಿರಲಿಲ್ಲ, ನನಗೆ ಅರ್ಥ ಬರುತ್ತೆ ಬಾಯಿಪಾಠ ಬರಲ್ಲ ಅಂತ ತಮಾಷೆ ಮಾಡುತ್ತಾರೆ. ಸೆಪ್ಟೆಂಬರ್ 8ಕ್ಕೆ ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದ ತೇರಿಗೆ ಹೋಗುವುದನ್ನು, ಊರಲ್ಲಿದ್ದ ಯಾವ ವರ್ಷವೂ ತಪ್ಪಿಸಿಲ್ಲ.

2016ರಲ್ಲಿ ಬೆನ್ನುನೋವು ಹೆಚ್ಚಾಗಿ ಸ್ಟೇರಿಂಗ್ ಬಿಟ್ಟರು. ಅಷ್ಟರಲ್ಲಾಗಲೇ ಮನೆಯಲ್ಲಿ ಹಸುಗಳಿದ್ದವು, ಮನೆಯಾಕೆ ನೋಡಿಕೊಳ್ಳುತ್ತಿದ್ದರು. ನಮ್ಮ ರಾಜ್ಯದಲ್ಲಿ ವಿಶ್ವಬ್ಯಾಂಕ್ ನೆರವಿನಿಂದ 1974ರಲ್ಲಿ ಡೇರಿ ಅಭಿವೃದ್ಧಿ ಶುರುವಾಗಿ, 1984ರಲ್ಲಿ ಕೆಎಂಎಫ್ ಆಯಿತು. ಇವತ್ತು ದೇಶದ ಹಾಲು ಸಹಕಾರಿಗಳಲ್ಲಿ ಗುಜರಾತಿನ ನಂತರ ನಾವೇ. ಊರೂರಿನ ಡೇರಿ ಮುಂದೆ ಬೆಳಿಗ್ಗೆ ಆರು ಗಂಟೆಗೆ ಕ್ಯಾನು ಹಿಡಿದು ನಿಂತ ಹೆಂಗಸರಿಂದ ಆದದ್ದು ಅದು. ಹಾಲಿನ ದುಡ್ಡು ವಾರಕ್ಕೋ ಹದಿನೈದು ದಿನಕ್ಕೋ ಕೈಗೆ ಬರುತ್ತದೆ, ಜೊತೆಗೆ ಸರ್ಕಾರದ ಲೀಟರಿಗೆ ಐದು ರೂಪಾಯಿ ಪ್ರೋತ್ಸಾಹಧನ. ಆ ಐದು ರೂಪಾಯಿ ಕೆಲವೊಮ್ಮೆ ತಿಂಗಳುಗಟ್ಟಲೆ ತಡವಾಗುತ್ತದೆ, ಅದನ್ನೂ ಹೇಳಬೇಕು.

ಹಸು ಸಾಕುವುದು ಎಂದರೆ ಪೆನ್ಷನ್ ಅಲ್ಲ. 2013ರ ಕಾಲುಬಾಯಿ ರೋಗ ನಿಮಗೆಲ್ಲ ನೆನಪಿದೆ. ನಮ್ಮ ಜಿಲ್ಲೆಯಲ್ಲಿ, ಕೋಲಾರ, ರಾಮನಗರದ ಕಡೆ ಕೊಟ್ಟಿಗೆ ಕೊಟ್ಟಿಗೆಗಳೇ ಖಾಲಿಯಾದವು. ಮಿಲ್ಟ್ರಿಯವರು ಆಗ ನಾಸಿಕದಲ್ಲಿದ್ದರು. ಫೋನ್ ಬಂತು. ಲೋಡು ಇಳಿಸಿ ಬರುವಷ್ಟರಲ್ಲಿ ಎರಡು ಹಸು ಹೋಗಿದ್ದವು, ಒಂದು ಗಬ್ಬದ ಹಸು. ಮೂರನೆಯದನ್ನು ಅವರು ಉಳಿಸಿಕೊಂಡರು. ದಿನಕ್ಕೆ ನಾಲ್ಕು ಸಲ ಗೊರಸು, ಬಾಯಿ ತೊಳೆದು, ಗಂಜಿ ಕುಡಿಸಿ, ರಾತ್ರಿ ಕೊಟ್ಟಿಗೆಯಲ್ಲೇ ಮಲಗಿ. ಆ ಹಸುವಿನ ಮೊಮ್ಮಗಳು ಈಗ ಅವರ ಮನೆಯಲ್ಲಿ ಹಾಲು ಕೊಡುತ್ತಿದೆ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಹೊರಗಿನ ದನ ಒಂದನ್ನೂ ಕೊಟ್ಟಿಗೆ ಹತ್ತಿರ ಬಿಡಲಿಲ್ಲ. ಘಾಟಿ ಜಾತ್ರೆಗೆ ಒಂದು ಜೊತೆ ಹಳ್ಳಿಕಾರ್ ಕರು ತರಬೇಕು ಅಂತ ಬಹಳ ದಿನದ ಆಸೆ, ಅದನ್ನೂ ಆ ವರ್ಷ ಬಿಟ್ಟರು.

ಅವರ ಕೊಟ್ಟಿಗೆಯಲ್ಲೂ ಫಸ್ಟ್ ಪರೇಡ್ ಉಂಟು. ಬೆಳಿಗ್ಗೆ ಐದಕ್ಕೆ ಎದ್ದು ಪ್ರತಿ ಹಸುವಿನ ಕಿವಿ ಮುಟ್ಟಿ ನೋಡುತ್ತಾರೆ, ತಣ್ಣಗಿದೆಯೋ ಬಿಸಿಯಾಗಿದೆಯೋ. ಮೂಗು ಒದ್ದೆಯಾಗಿದೆಯೇ, ಸಗಣಿ ಹೇಗಿದೆ, ಕೆಚ್ಚಲು ಗಟ್ಟಿಯಾಗಿದೆಯೇ. ಮೊದಲ ನಾಲ್ಕು ಗೆರೆ ಹಾಲನ್ನು ಕಪ್ಪು ಬಟ್ಟೆಯ ಮೇಲೆ ಕರೆದು ಗರಣೆ ಇದೆಯೇ ನೋಡುತ್ತಾರೆ, ಕೆಚ್ಚಲು ಬಾವು ಬರುವ ಮುಂಚೆ ಅಲ್ಲೇ ಗೊತ್ತಾಗುತ್ತದೆ. ಎಲ್ಲವನ್ನೂ ಒಂದು ನೋಟ್ ಬುಕ್ಕಿನಲ್ಲಿ ಬರೆಯುತ್ತಾರೆ, ಲಾರಿಯ ಡೈರಿ ಬರೆದ ಹಾಗೆ. ದಿನಾಂಕ, ಹಾಲು, ಮೇವು, ಡಾಕ್ಟರು ಬಂದದ್ದು. ಹನ್ನೆರಡು ನೋಟ್ ಬುಕ್ಕುಗಳಿವೆ. ಪಶು ಆಸ್ಪತ್ರೆಗೆ ಹೊಸದಾಗಿ ಬಂದ ಡಾಕ್ಟರಮ್ಮ ಅವುಗಳನ್ನು ಓದಲು ಮನೆಗೆ ತೆಗೆದುಕೊಂಡು ಹೋಗಿದ್ದರು.

ಮೇವಿನ ಚಿಂತೆ ಬೇರೆ. ಅವರ ಎರಡೂವರೆ ಎಕರೆ ಯಾವ ನೋಟಿಫಿಕೇಷನ್ನಿನಲ್ಲೂ ಇಲ್ಲ. ಆದರೆ ಅವರಿಗೆ ಸೀಮೆಹುಲ್ಲು ಕೊಡುತ್ತಿದ್ದ ಸಂಬಂಧಿಕರ ಹೊಲ ಚನ್ನರಾಯಪಟ್ಟಣ ಹೋಬಳಿಯ ಆ 1,777 ಎಕರೆಯಲ್ಲಿತ್ತು. ಹದಿಮೂರು ಹಳ್ಳಿಯ ರೈತರು ಮೂರು ವರ್ಷಕ್ಕೂ ಮೀರಿ ಧರಣಿ ಕೂತದ್ದು ಇಲ್ಲಿ ಯಾರಿಗೂ ಹೊಸದಾಗಿ ಹೇಳಬೇಕಿಲ್ಲ. ಮಿಲ್ಟ್ರಿಯವರು ಹಾಲು ಹಾಕಿ ಬಸ್ಸು ಹತ್ತಿ ಹೋಗಿ ಪೆಂಡಾಲಿನಲ್ಲಿ ಕೂತು ಸಂಜೆ ಹಾಲಿನ ಹೊತ್ತಿಗೆ ಬರುತ್ತಿದ್ದರು. ಭಾಷಣ ಮಾಡಲಿಲ್ಲ. 2025ರ ಜುಲೈ 15ರಂದು ಮುಖ್ಯಮಂತ್ರಿಗಳು ಭೂಸ್ವಾಧೀನ ಕೈಬಿಟ್ಟಿರುವುದಾಗಿ ಪ್ರಕಟಿಸಿದರು. ಸ್ವಇಚ್ಛೆಯಿಂದ ಕೊಡುವವರು ಕೊಡಬಹುದು ಅಂತಲೂ ಹೇಳಿದರು. ಅದರ ಬಗ್ಗೆ ಊರಲ್ಲಿ ಎರಡು ಅಭಿಪ್ರಾಯ ಇವೆ, ನನ್ನ ಮನೆಯಲ್ಲೇ ಎರಡು ಅಭಿಪ್ರಾಯ ಇವೆ. ಕೊಡುವವರನ್ನು ಬೈಯುವುದು ನನಗೆ ಸರಿ ಕಾಣುವುದಿಲ್ಲ, ಸಾಲ ಇದ್ದವರ ಕಷ್ಟ ಅವರಿಗೇ ಗೊತ್ತು. ಮಿಲ್ಟ್ರಿಯವರ ಲೆಕ್ಕ ಮಾತ್ರ ಸರಳ, ಹುಲ್ಲು ಎಲ್ಲಿಂದ ಬರುತ್ತೆ?

ನಾವು ಓದುವಾಗ ಎಲ್ಲ ಊರುಗಳಲ್ಲೂ ಒಂದು ಮಾತಿತ್ತು, "ಓದದಿದ್ರೆ ಲಾರಿ ಡ್ರೈವರ್ ಆಗ್ತೀಯ, ದನ ಕಾಯ್ತೀಯ." ಅದನ್ನು ಹೇಳಿದವರು ನಮ್ಮ ಒಳ್ಳೆಯದಕ್ಕೇ ಹೇಳಿದರು, ನನ್ನ ಅಪ್ಪನೂ ಹೇಳಿದ್ದಾರೆ. ಮಿಲ್ಟ್ರಿಯವರ ಮಕ್ಕಳೂ ನನ್ನ ಪಕ್ಕದ ಬೆಂಚಿನಲ್ಲಿ ಕೂತು ಅದನ್ನು ಕೇಳುತ್ತಿದ್ದರು. ಅವರ ಅಪ್ಪ ಎರಡೂ ಮಾಡುತ್ತಿದ್ದರಲ್ಲ. ಆಗ ಆ ಹುಡುಗ ತಲೆ ಬಗ್ಗಿಸಿಕೊಂಡು ಪುಸ್ತಕದ ಮೂಲೆ ಮಡಿಸುತ್ತಿದ್ದದ್ದು ನನಗೆ ಈಗಲೂ ಕಾಣುತ್ತದೆ. ಅವನು ಈಗ ಹೊಸಕೋಟೆ ಕಡೆ ಗೋದಾಮೊಂದರಲ್ಲಿ ಮೇಲ್ವಿಚಾರಕ. ಅಲ್ಲಿಗೆ ಬರುವ ಚಾಲಕರಿಗೆ ಕೂರಲು ನೆರಳು, ಕುಡಿಯಲು ನೀರು, ಶೌಚಾಲಯ ಕೊಡದೆ ಲೋಡಿಂಗ್ ಶುರು ಮಾಡಿಸುವುದಿಲ್ಲವಂತೆ. ಇವತ್ತು ಅವನು ಬಂದಿಲ್ಲ, ಪಾಳಿ ಇದೆ.

ಸುವರ್ಣ ಮಹೋತ್ಸವ ಸಮಿತಿಯವರಲ್ಲಿ ನನ್ನ ಒಂದು ವಿನಂತಿ. ಶಾಲೆಯ ಗ್ರಂಥಾಲಯಕ್ಕೆ ಆ ಹನ್ನೆರಡು ನೋಟ್ ಬುಕ್ಕುಗಳ ನಕಲು ಪ್ರತಿ ಮಾಡಿಸಿ ಇಡಲು ಮಿಲ್ಟ್ರಿಯವರು ಒಪ್ಪಿದ್ದಾರೆ. ಜೆರಾಕ್ಸಿನ ಖರ್ಚು ನಮ್ಮ ಬ್ಯಾಚಿನದು. ನಮ್ಮ ಮಕ್ಕಳಲ್ಲಿ ಇನ್ನೂ ಅರ್ಧ ಜನರ ಮನೆಯಲ್ಲಿ ಹಸು ಇದೆ, ಅವರಿಗೆ ಉಪಯೋಗಕ್ಕೆ ಬರುತ್ತದೆ. ಇಟ್ಟ ಪುಸ್ತಕಕ್ಕೆ ಹೆಸರು ಬರೆಯಬೇಕಲ್ಲ ಅಂತ ಕೇಳಿದ್ದಕ್ಕೆ, ತಮ್ಮ ಹೆಸರಿನ ಬದಲು ಹಸುಗಳ ಹೆಸರು ಬರೆಯಿರಿ ಅಂದಿದ್ದಾರೆ. ಗೌರಿ, ತುಂಗೆ, ಮರಿಯ, ಕೆಂಪಿ. ಹಾಗೇ ಬರೆಸುತ್ತೇವೆ.